ಮೂರು ಕೋನ ಕೂಡಿದರೆ 179: ಒಂದು ಶಿಕ್ಷಕ ತರಬೇತಿಯ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ, ಇದರಲ್ಲಿ ಬರುವ ಕೆಲವರು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ನಾನು ಮೊದಲ ಸಲ ಹೋದಾಗ ಕಂಪ್ಯೂಟರ್ ಕೋಣೆಯ ಬಾಗಿಲ ಮೇಲೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದಿತ್ತು. ಒಳಗೆ ಹತ್ತು ಕಂಪ್ಯೂಟರ್, ಒಂದೊಂದಕ್ಕೂ ಹೂವಿನ ಬಟ್ಟೆಯ ಮುಸುಕು. ಮೂಲೆಯಲ್ಲಿದ್ದ ಯುಪಿಎಸ್ ಬ್ಯಾಟರಿಗಳ ತುದಿಗೆ ಬಿಳಿ ಪುಡಿ ಕಟ್ಟಿತ್ತು. ಇಲಾಖೆ ಕೊಟ್ಟ ಪ್ರೊಜೆಕ್ಟರ್ ಡಬ್ಬಿಯಲ್ಲೇ ಇತ್ತು, ಅಂಟಿಸಿದ ಟೇಪನ್ನು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಗುರುತಿತ್ತು. ಕೋಣೆಯ ಬೀಗದ ಕೈ ಹೆಡ್‌ಮಾಸ್ಟರ ಬೀರುವಿನಲ್ಲಿ, ಆ ಬೀರುವಿನ ಕೈ ಅವರ ಜೇಬಿನಲ್ಲಿ.

ಈ ಶಾಲೆಯ ಗಣಿತ ಮೇಷ್ಟ್ರು ಆ ಹೊತ್ತಿಗೆ ಮೂರು ಕಂಪ್ಯೂಟರ್ ತರಬೇತಿ ಮುಗಿಸಿದ್ದರು. ಮೂರಕ್ಕೂ ಹಾಜರಾತಿ ಪೂರ್ತಿ, ಮೂರಕ್ಕೂ ಪ್ರಮಾಣಪತ್ರ. ತರಗತಿಯಲ್ಲಿ ಮಾತ್ರ ಒಂದು ದಿನವೂ ಯಂತ್ರ ಮುಟ್ಟಿರಲಿಲ್ಲ. ಯಾಕೆ ಮುಟ್ಟಲಿಲ್ಲ, ಆಮೇಲೆ ಯಾಕೆ ಮುಟ್ಟಿದರು ಎಂಬುದೇ ಈ ಬರಹ. ನಾನು ಪಕ್ಕದ ಹೋಬಳಿಯ ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. ಅವರ ಮೂರನೇ ತರಬೇತಿಗೆ ಸಂಪನ್ಮೂಲ ವ್ಯಕ್ತಿಯಾಗಿದ್ದವಳೂ ನಾನೇ. ಹಾಗಾಗಿ ಇಲ್ಲಿ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಹಿಂದಿನಿಂದ ಬಂದದ್ದು

ಆ ಮುಸುಕು ಒಂದೇ ದಿನ ಬಿದ್ದದ್ದಲ್ಲ. ನಮ್ಮ ರಾಜ್ಯದಲ್ಲಿ 2001ರಲ್ಲಿ ‘ಮಾಹಿತಿ ಸಿಂಧು’ ಬಂತು. ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು, ಜೊತೆಗೆ ಕಲಿಸಲು ಖಾಸಗಿ ಸಂಸ್ಥೆಗಳ ಬೋಧಕರೂ ಬಂದರು. ಆಮೇಲೆ ಬಂದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯ ಹಂತಗಳಲ್ಲೂ ಬಹುತೇಕ ಇದೇ ಏರ್ಪಾಟು: ಯಂತ್ರ ಹಾಕುವುದು, ನೋಡಿಕೊಳ್ಳುವುದು, ಕಲಿಸುವುದು ಗುತ್ತಿಗೆಯವರ ಕೆಲಸ, ಅವಧಿ ಮುಗಿದ ಮೇಲೆ ಶಾಲೆಗೆ ಹಸ್ತಾಂತರ. ಗುತ್ತಿಗೆಯ ಬೋಧಕರಾಗಿ ಬಂದ ಆ ಹುಡುಗ ಹುಡುಗಿಯರು ಕಡಿಮೆ ಸಂಬಳದಲ್ಲಿ ಚೆನ್ನಾಗಿಯೇ ದುಡಿದರು. ಆದರೆ ಗಣಿತ, ವಿಜ್ಞಾನ, ಕನ್ನಡದ ಶಿಕ್ಷಕರಿಗೆ ಅಷ್ಟು ವರ್ಷ ಆ ಕೋಣೆ ‘ಕಂಪ್ಯೂಟರ್ ಸಾರ್’ ಅವರದ್ದಾಗಿತ್ತು. ಗುತ್ತಿಗೆ ಮುಗಿದು ಅವರು ಹೋದ ಮೇಲೆ ಕೋಣೆ ಯಾರದ್ದೂ ಅಲ್ಲದಂತಾಯಿತು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಉಪಗ್ರಹ ಹಾರಿತು. ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ನಮ್ಮ ಚಾಮರಾಜನಗರ ಜಿಲ್ಲೆಯನ್ನೇ ಆರಿಸಿದ್ದರು. ದೂರದ ಹಳ್ಳಿಗೂ ಒಳ್ಳೆಯ ಪಾಠ ತಲುಪಲಿ ಎಂಬುದು ದೊಡ್ಡ ಆಸೆ, ಅದನ್ನು ಹಗುರವಾಗಿ ನೋಡುವ ಮನಸ್ಸು ನನಗಿಲ್ಲ. ಆದರೆ ಅಲ್ಲೂ ಪಾಠ ತೆರೆಯಿಂದ ಬರುತ್ತಿತ್ತು, ಶಿಕ್ಷಕರು ಪಕ್ಕದಲ್ಲಿ ನಿಂತಿರುತ್ತಿದ್ದರು.

ಕೇರಳ ಅದೇ ಸುಮಾರಿಗೆ ಬೇರೆ ದಾರಿ ಹಿಡಿಯಿತು. ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ಹೊರಗಿನ ಬೋಧಕರನ್ನು ಕರೆತರಲಿಲ್ಲ. ಶಾಲಾ ಶಿಕ್ಷಕರಲ್ಲೇ ಕೆಲವರನ್ನು ತಯಾರು ಮಾಡಿ, ಅವರಿಂದಲೇ ಉಳಿದವರಿಗೆ ಹೇಳಿಸಿದರು. ಮುಂದೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿದರು, ಐಟಿಯನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಯೊಳಗೆ ತಂದರು. ನಮ್ಮಲ್ಲಿ ಆ ದಿಕ್ಕಿನ ಹೆಜ್ಜೆ 2011ರ ಸುಮಾರಿಗೆ ಬಂತು. ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ಕೇಂದ್ರದ ಪ್ರೌಢಶಿಕ್ಷಣ ಯೋಜನೆಯಾದ ಆರ್‌ಎಂಎಸ್‌ಎ ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಕಟ್ಟಿದವು, 2013ರಲ್ಲಿ ಶಿಕ್ಷಕರೇ ಬರೆದು ತಿದ್ದಬಹುದಾದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣ ಶುರುವಾಯಿತು. ಕಂಪ್ಯೂಟರನ್ನು ಒಂದು ಪ್ರತ್ಯೇಕ ವಿಷಯವಾಗಿ ನೋಡದೆ ಗಣಿತದವರಿಗೆ ಗಣಿತದ ಮೂಲಕ, ವಿಜ್ಞಾನದವರಿಗೆ ವಿಜ್ಞಾನದ ಮೂಲಕ ಹೇಳುವುದು ಅಲ್ಲಿಯ ಕ್ರಮ. ರಾತ್ರಿ ಒಂಬತ್ತಕ್ಕೆ ಯಾವುದೋ ತಾಲ್ಲೂಕಿನ ಶಿಕ್ಷಕಿ ವೇದಿಕೆಯ ಇಮೇಲ್ ಗುಂಪಿಗೆ ಒಂದು ಸಂದೇಹ ಕಳಿಸಿದರೆ, ಬೆಳಗಾಗುವುದರೊಳಗೆ ಇನ್ನೊಂದು ಜಿಲ್ಲೆಯಿಂದ ಉತ್ತರ ಬಂದಿರುತ್ತಿತ್ತು. ನನಗೆ ಧೈರ್ಯ ಬಂದದ್ದು ಆ ಪತ್ರಗಳಿಂದ.

ಮೂರನೇ ತರಬೇತಿ

ಮೇಷ್ಟ್ರಿಗೆ ಆಗ ಐವತ್ತೆರಡು. ಬೋರ್ಡಿನ ಮೇಲೆ ಅವರ ಕೈ ನೋಡಬೇಕು. ಭುಜವನ್ನೇ ಕೇಂದ್ರ ಮಾಡಿಕೊಂಡು ತೋಳು ಒಂದು ಸುತ್ತು ತಿರುಗಿಸಿದರೆ ವೃತ್ತ ಮುಗಿಯುತ್ತಿತ್ತು, ಎರಡು ತುದಿ ಸೇರುವ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಹೆದರುವ ಮಕ್ಕಳನ್ನು ದಾಟಿಸುವವರು ಎಂದು ಸುತ್ತಲ ಹಳ್ಳಿಯಲ್ಲಿ ಹೆಸರಿತ್ತು.

ತರಬೇತಿ ನಡೆದದ್ದು ತಾಲ್ಲೂಕು ಕೇಂದ್ರದ ಒಂದು ಲ್ಯಾಬಿನಲ್ಲಿ. ಮೂವರಿಗೊಂದು ಕಂಪ್ಯೂಟರ್. ಮೊದಲ ದಿನ ಕಂಪ್ಯೂಟರಿನ ಭಾಗಗಳು, ಎರಡನೇ ದಿನ ಇಮೇಲ್ ತೆರೆಯುವುದು, ಫೈಲ್ ಲಗತ್ತಿಸುವುದು, ಮೂರನೇ ದಿನ ಸ್ಲೈಡ್ ಮಾಡುವುದು. ಮೂವರಲ್ಲಿ ಮೌಸ್ ಯಾರ ಕೈಗೆ ಬಂತೋ ಅವರು ಕಲಿತರು, ಉಳಿದಿಬ್ಬರು ನೋಡಿದರು. ಹೆಚ್ಚಿನ ಕಡೆ ಮೌಸ್ ಹಿಡಿದವರು ವಯಸ್ಸಿನಲ್ಲಿ ಚಿಕ್ಕವರಾದ ಗಂಡಸರು. ನಾಲ್ಕೂವರೆಯ ಬಸ್ಸು ಹಿಡಿಯಬೇಕಿದ್ದ ಶಿಕ್ಷಕಿಯರು ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ‘ಫೈಲ್, ನಂತರ ಸೇವ್ ಆ್ಯಸ್’ ಎಂದು ಚೊಕ್ಕವಾಗಿ ಬರೆದುಕೊಳ್ಳುತ್ತಿದ್ದರು. ಯಂತ್ರ ಮುಟ್ಟದೆ ಬರೆದುಕೊಂಡ ಆ ಪುಟಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಕೋಣೆಯಲ್ಲಿ ಎಷ್ಟು ಶ್ರದ್ಧೆ ಇತ್ತು, ನಾವು ಅದಕ್ಕೆ ಎಷ್ಟು ಕಡಿಮೆ ಕೊಟ್ಟೆವು!

ಎರಡನೇ ದಿನ ಮಧ್ಯಾಹ್ನ ಮೇಷ್ಟ್ರು ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿ ಹನ್ನೊಂದು ವರ್ಷದ ಪ್ರಶ್ನೆಪತ್ರಿಕೆಗಳು. ಮಗಳ ಜೊತೆ ಕೂತು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಒಂದೊಂದಾಗಿ ಟೈಪ್ ಮಾಡಿದ್ದರಂತೆ. ಲ್ಯಾಬಿನ ಯಂತ್ರಗಳಲ್ಲಿ ವಿಂಡೋಸ್ ಬದಲು ಇದ್ದದ್ದು ಉಬುಂಟು. ಫೈಲ್ ತೆರೆದಾಗ ಕನ್ನಡದ ಬದಲು ಕೊಂಬು, ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರ ಹೀಗೇ ಕಾಣುತ್ತದೆ, ಪರಿವರ್ತಿಸಿದರೆ ಸರಿಹೋಗುತ್ತದೆ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ಆಗ ಇನ್ನೊಂದು ಸಾಲಿನಲ್ಲಿ ಯಾರದ್ದೋ ಪಾಸ್‌ವರ್ಡ್ ಸರಿಮಾಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಅವರು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು.

ಮೂರನೇ ದಿನ ಸಂಜೆ ಹೊರಡುವ ಮುಂಚೆ ಅವರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ‘ಮೇಡಂ, ಸ್ಲೈಡಲ್ಲಿ ತ್ರಿಭುಜ ಹಾಕಾದು ತೋರ್ಸಿದ್ರಿ. ನಾನು ಬೋರ್ಡ್ ಮೇಲೆ ಅದನ್ನ ಅರ್ಧ ನಿಮಿಷಕ್ಕೆ ಹಾಕ್ತೀನಿ. ನನ್ನ ಬೋರ್ಡಿಗೆ ಏನ್ ಕಮ್ಮಿ ಆಗೈತೆ, ಹೇಳಿ.’

ಕೆಲವರು ನಕ್ಕರು. ನಾನು ಏನೋ ಹೇಳಿದೆ, ಬಣ್ಣ, ಆಕರ್ಷಣೆ, ಮಕ್ಕಳ ಆಸಕ್ತಿ ಎಂದು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ತರಬೇತಿಯ ವರದಿಯಲ್ಲಿ ಅವರ ಹೆಸರಿನ ಮುಂದೆ ‘ತಂತ್ರಜ್ಞಾನದ ಬಗ್ಗೆ ಹಿಂಜರಿಕೆ ಇದೆ’ ಎಂದು ಬರೆದೆ. ಹನ್ನೊಂದು ವರ್ಷದ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕೀಬೋರ್ಡಿನ ಮುಂದೆ ಕೂತ ಮನುಷ್ಯನ ಬಗ್ಗೆ ಆ ಸಾಲು ಬರೆದದ್ದು ನನ್ನ ಕೈಯೇ.

ಬೋರ್ಡಿಗೆ ಕಡಿಮೆಯಾದದ್ದು

ಆ ಪ್ರಶ್ನೆ ಒಂದು ವರ್ಷ ನನ್ನ ಬೆನ್ನು ಬಿಡಲಿಲ್ಲ. ಉತ್ತರ ಸಿಕ್ಕಿದ್ದು ನನ್ನದೇ ಒಂಬತ್ತನೇ ತರಗತಿಯಲ್ಲಿ. ಒಂದು ವಿಶಾಲಕೋನ ತ್ರಿಭುಜ ಕೊಟ್ಟು ಎತ್ತರ ಎಳೆಯಿರಿ ಎಂದೆ. ಅರ್ಧಕ್ಕೂ ಹೆಚ್ಚು ಮಕ್ಕಳು, ಹೊರಗೆ ಬೀಳಬೇಕಾದ ಲಂಬವನ್ನು ತ್ರಿಭುಜದ ಒಳಗೇ ಎಳೆಯಲು ಒದ್ದಾಡಿದರು. ಯಾಕೆಂದರೆ ನಾನು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಒಂದೇ ತ್ರಿಭುಜ ಬರೆದಿದ್ದೆ: ಪಾದ ಕೆಳಗೆ ಮಟ್ಟಸ, ತುದಿ ನೆತ್ತಿಯ ಮೇಲೆ, ನೋಡಲು ಮನೆಯ ಮಾಡಿನ ಹಾಗೆ. ಪ್ರಮೇಯ ಮಾತ್ರ ‘ಯಾವುದೇ ತ್ರಿಭುಜದಲ್ಲಿ’ ಎಂದು ಶುರುವಾಗುತ್ತದೆ. ಆ ‘ಯಾವುದೇ’ ಎಂಬ ಪದವನ್ನು ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಲಾಗುವುದಿಲ್ಲ. ಬೋರ್ಡಿಗೆ ಕಡಿಮೆಯಾದದ್ದು ಅದು.

ಜಿಯೋಜಿಬ್ರಾದಲ್ಲಿ ಅದು ಆಗುತ್ತದೆ. 2001ರಲ್ಲಿ ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪದವಿಯ ಕೆಲಸವಾಗಿ ಶುರುಮಾಡಿದ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಕೂಡ ಬೇಡ. ಮೂರು ಬಿಂದು ಇಟ್ಟು ತ್ರಿಭುಜ ಮಾಡಿ ಒಂದು ಶೃಂಗ ಹಿಡಿದು ಎಳೆದರೆ ತ್ರಿಭುಜ ಸಪೂರವಾಗುತ್ತದೆ, ಮಲಗುತ್ತದೆ, ತಲೆಕೆಳಗಾಗುತ್ತದೆ. ಕೋನದ ಅಳತೆಗಳು ಓಡುತ್ತಿರುತ್ತವೆ, ಮೊತ್ತ ಮಾತ್ರ ಕದಲುವುದಿಲ್ಲ.

ನಾನು ಇದನ್ನು ಮುಂಚೆಯೂ ಬಲ್ಲೆ, ತರಬೇತಿಗಳಲ್ಲಿ ತೋರಿಸಿಯೂ ಇದ್ದೆ. ಆದರೆ ‘ಇದು ಟೂಲ್‌ಬಾರ್, ಇದು ಮೆನು’ ಎಂದು ಶುರುಮಾಡುತ್ತಿದ್ದೆ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬಲ್ಲಿಂದ ಯಾವತ್ತೂ ಶುರುಮಾಡಿರಲಿಲ್ಲ. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಒಂದು ಚೌಕಟ್ಟು ಕೊಟ್ಟರು: ವಿಷಯದ ಅರಿವು, ಕಲಿಸುವ ಅರಿವು, ತಂತ್ರಜ್ಞಾನದ ಅರಿವು ಈ ಮೂರೂ ಒಂದರೊಳಗೊಂದು ಬೆರೆತಾಗಲೇ ಯಂತ್ರ ಪಾಠಕ್ಕೆ ಒದಗುತ್ತದೆ ಎಂದು. ಮೇಷ್ಟ್ರಲ್ಲಿ ಮೊದಲೆರಡು ತುಂಬಿ ತುಳುಕುತ್ತಿದ್ದವು. ನಾವು ಆ ಎರಡನ್ನೂ ಲ್ಯಾಬಿನ ಬಾಗಿಲ ಹೊರಗೆ, ಚಪ್ಪಲಿಯ ಜೊತೆಗೆ ಬಿಡಿಸಿ ಒಳಗೆ ಕರೆದಿದ್ದೆವು.

ಒಂದು ಶನಿವಾರ

ಆ ವರ್ಷ ಹತ್ತಿರದ ಏಳು ಶಾಲೆಗಳ ಗಣಿತದವರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರೋಣ ಎಂದುಕೊಂಡೆವು. ಆದೇಶವಿಲ್ಲ, ಓಓಡಿ (ಹೊರಗಿದ್ದರೂ ಕರ್ತವ್ಯವೆಂದೇ ಎಣಿಸುವ ಅನುಮತಿ) ಇಲ್ಲ, ಭತ್ಯೆಯೂ ಇಲ್ಲ. ಎರಡೇ ನಿಯಮ ಇಟ್ಟುಕೊಂಡೆವು. ಮುಂದಿನ ವಾರ ಮಾಡಬೇಕಾದ ಪಾಠವನ್ನೇ ತರಬೇಕು. ಮೌಸನ್ನು ಅತಿ ಕಡಿಮೆ ಗೊತ್ತಿರುವವರು ಹಿಡಿಯಬೇಕು, ಗೊತ್ತಿರುವವರು ಕೈ ಕಟ್ಟಿಕೊಂಡು ಬಾಯಲ್ಲಿ ಮಾತ್ರ ಹೇಳಬೇಕು. ಎರಡನೇ ನಿಯಮ ಪಾಲಿಸುವುದು ತುಂಬ ಕಷ್ಟ. ಪಕ್ಕದವರು ತಡಕಾಡುವುದನ್ನು ನೋಡಿದರೆ ಕೈ ತಾನಾಗೇ ಮುಂದೆ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೊಂದು ಹಳೆಯ ಮೇಲ್ಪಂಕ್ತಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಶಾಲೆಗಳನ್ನು ಕಣ್ಣಾರೆ ಕಂಡು ಬಂದರು, ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಅದೇ ಬೆಳೆದು ನಲಿ-ಕಲಿಯಾಯಿತು. ಶಿಕ್ಷಕರ ಕೈಯಲ್ಲಿ ಹುಟ್ಟಿದ್ದರಿಂದಲೇ ಅದು ತರಗತಿಯೊಳಗೆ ನಿಂತಿತು ಎಂದು ನಾನು ನಂಬಿದ್ದೇನೆ.

ಮೇಷ್ಟ್ರನ್ನು ಕರೆಯಲು ನಾನೇ ಹೋದೆ. ಅವರ ಪೆನ್‌ಡ್ರೈವ್ ಇಸಕೊಂಡು ಬಂದು ಮನೆಯಲ್ಲಿ ಕೂತು ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡಿಗೆ ಬದಲಿಸಿದೆ. ಭಿನ್ನರಾಶಿ, ವರ್ಗಮೂಲದ ಚಿಹ್ನೆಗಳು ಕೆಟ್ಟವು, ಕನ್ನಡವೆಲ್ಲ ಉಳಿಯಿತು. ವಾಪಸ್ ಕೊಟ್ಟಾಗ ತೆರೆದು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ‘ಶನಿವಾರ ಎಷ್ಟೊತ್ತಿಗೆ?’ ಎಂದು ಕೇಳಿದರು.

ಆ ಶನಿವಾರ ಮೌಸ್ ಅವರ ಕೈಯಲ್ಲಿ. ಪಾಠ, ಒಂಬತ್ತನೇ ತರಗತಿಯ ‘ರೇಖೆಗಳು ಮತ್ತು ಕೋನಗಳು’. ಮೂರು ಬಿಂದು ಇಟ್ಟರು, ತ್ರಿಭುಜ ಮುಚ್ಚಿದರು, ಕೋನದ ಟೂಲ್ ತೆಗೆದುಕೊಂಡು ತ್ರಿಭುಜದ ನಡುವೆ ಒತ್ತಿದರು. ತೆರೆಯ ಮೇಲೆ ಬಂದ ಅಳತೆಗಳು 310, 295, 295.

ಎಲ್ಲರೂ ತಬ್ಬಿಬ್ಬು. ಕಾರಣ ನನಗೆ ಗೊತ್ತಿತ್ತು: ಬಿಂದುಗಳನ್ನು ಅವರು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಇಟ್ಟಿದ್ದರು, ಆ ದಿಕ್ಕಿನಲ್ಲಿ ಇಟ್ಟರೆ ಜಿಯೋಜಿಬ್ರಾ ಒಳಗಿನ ಕೋನ ಬಿಟ್ಟು ಹೊರಗಿನ ಸುತ್ತನ್ನು ಅಳೆಯುತ್ತದೆ. ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮನಸ್ಸಿನಲ್ಲಿ ಕೂಡಿ ಮುಗಿಸಿದ್ದರು. ‘ಒಂಬೈನೂರು’ ಎಂದರು. ಒಂದು ಕ್ಷಣ ಬಿಟ್ಟು, ‘ಸರಿಯಾಗೈತಲ್ಲ! ಮೂರು ಸುತ್ತು, ಸಾವಿರದ ಎಂಬತ್ತು. ಅದರಲ್ಲಿ ನೂರಾ ಎಂಬತ್ತು ಕಳೀರಿ. ಇದು ಹೊರಗಡೆಯಿಂದ ಅಳೀತೈತೆ, ಅಷ್ಟೇ.’ ಬಿಂದುಗಳನ್ನು ಅಳಿಸಿ ಎಡಕ್ಕೆ ತಿರುಗಿಸಿ ಇಟ್ಟರು. 50, 65, 65 ಬಂತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಆ ಕುರ್ಚಿ ಮುಂದಕ್ಕೆ ಸರಿದದ್ದನ್ನು ಪ್ರಕರಣದ ತಿರುವು ಎಂದು ನಾನು ಗುರುತಿಸುತ್ತೇನೆ. ಯಂತ್ರ ನಾವು ಅಂದುಕೊಳ್ಳದ್ದನ್ನು ತೋರಿಸಿತು, ಅದನ್ನು ಬಿಡಿಸಿದ್ದು ಅವರ ಗಣಿತ. ಅಲ್ಲಿಯವರೆಗೆ ಲ್ಯಾಬಿನಲ್ಲಿ ಅವರು ಏನೂ ತಿಳಿಯದವರ ಸಾಲಿನಲ್ಲಿದ್ದರು.

ಶುಕ್ರವಾರ, ಎರಡನೇ ಪೀರಿಯಡ್

ಪಾಠದ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದೇ ಎಂದು ಕೇಳಿದ್ದೆ. ಒಪ್ಪಿದರು. ನಾನು ಪುಸ್ತಕ ಪೆನ್ನು ತೆಗೆದುಕೊಂಡು ಹೋಗಲಿಲ್ಲ. ಹಿಂದೆ ಕೂತು ಬರೆದುಕೊಳ್ಳುವವರನ್ನು ಕಂಡರೆ ನಮಗೆಲ್ಲ ತಪಾಸಣೆಯ ನೆನಪು.

ಪ್ರೊಜೆಕ್ಟರ್ ಹಚ್ಚಿದರು. ನೀಲಿ ತೆರೆ, ‘ನೋ ಸಿಗ್ನಲ್’. ಕೇಬಲ್ ಕಿತ್ತು ಹಾಕಿದರು. ಮತ್ತೆ ಅದೇ. ನಲವತ್ತೈದು ಮಕ್ಕಳು ನೋಡುತ್ತಿದ್ದಾರೆ. ಅವರ ಕುತ್ತಿಗೆಯ ಮೇಲೆ ಬೆವರು ಕಾಣುತ್ತಿತ್ತು. ತರಬೇತಿಗಳಲ್ಲಿ ನಾವು ಯಾವತ್ತೂ ಮಾತಾಡದ ಭಯ ಇದು. ಯಂತ್ರ ಕೆಡುತ್ತದೆ ಎಂಬ ಭಯವಲ್ಲ. ಇಪ್ಪತ್ನಾಲ್ಕು ವರ್ಷ ಮಕ್ಕಳ ಮುಂದೆ ಉತ್ತರ ಗೊತ್ತಿರುವವರಾಗಿ ನಿಂತವರು, ಗೊತ್ತಿಲ್ಲದವರಾಗಿ ನಿಲ್ಲಬೇಕಾದ ಭಯ. ಮುಂದಿನ ಸಾಲಿನ ಒಬ್ಬ ಹುಡುಗ ಎದ್ದು ಬಂದು ‘ಸಾರ್, ಇದೆರಡು ಒಟ್ಟಿಗೆ ಒತ್ತಬೇಕು’ ಎಂದು ಲ್ಯಾಪ್‌ಟಾಪಿನ ಕೀ ಒತ್ತಿದ. ಚಿತ್ರ ಬಂತು. ಮೇಷ್ಟ್ರು ಅವನ ಬೆನ್ನು ತಟ್ಟಿ, ‘ನೀನು ಇಲ್ಲೇ ಕೂತ್ಕೋ, ಇನ್ನೂ ಬೇಕಾಗ್ತೀಯ’ ಎಂದರು.

ತ್ರಿಭುಜ ಎಳೆದರು, ಮಕ್ಕಳನ್ನು ಕರೆದು ಎಳೆಸಿದರು. ನಿಲ್ಲಿಸಿದಾಗಲೆಲ್ಲ ಮೂರು ಕೋನ ಬರೆದುಕೊಂಡು ಕೂಡಿ ಎಂದರು. 180, 180, 180. ಆಗ ಮೂರನೇ ಬೆಂಚಿನ ಹುಡುಗಿ, ‘ಸಾರ್, 50, 60, 69. ಕೂಡಿದ್ರೆ 179 ಬರ್ತೈತೆ’ ಎಂದಳು.

ಇನ್ನೊಬ್ಬ ಕೂಡಿ ನೋಡಿ ಹೌದು ಎಂದ. ತರಗತಿ ಸ್ತಬ್ಧ. ನನ್ನ ಎದೆ ಹೊಡೆದುಕೊಳ್ಳತೊಡಗಿತು, ಯಾಕೆಂದರೆ ಅದು ನನ್ನ ಕೈಕೆಲಸ. ಮಕ್ಕಳಿಗೆ ಕೂಡಲು ಸುಲಭವಾಗಲಿ ಎಂದು ಶನಿವಾರ ನಾನೇ ದಶಮಾಂಶ ತೆಗೆದು ಪೂರ್ಣಾಂಕಕ್ಕೆ ಇಡಿಸಿದ್ದೆ. ನಿಜವಾದ ಅಳತೆ 50.4, 60.4, 69.2 ಇರಬಹುದು. ಮೊತ್ತ 180. ಒಂದೊಂದನ್ನೂ ಹತ್ತಿರದ ಪೂರ್ಣಾಂಕಕ್ಕೆ ಇಳಿಸಿದಾಗ ಒಂದು ಡಿಗ್ರಿ ತಪ್ಪಿಹೋಯಿತು. ಎದ್ದು ಹೇಳಬೇಕೆನ್ನಿಸಿತು. ಬೆಂಚು ಹಿಡಿದು ಕೂತೆ.

ಮೇಷ್ಟ್ರು ತೆರೆಯನ್ನೇ ನೋಡುತ್ತ ನಿಂತರು. ಎಷ್ಟು ಹೊತ್ತೋ ಹೇಳಲಾರೆ, ನನಗೆ ಬಹಳ ಉದ್ದ ಅನ್ನಿಸಿತು. ಆಮೇಲೆ ಸುಣ್ಣದ ಕಡ್ಡಿ ತೆಗೆದುಕೊಂಡು ಪಕ್ಕದ ಬೋರ್ಡಿಗೆ ಹೋದರು. ‘ಮೂರು ಜನ ಅಂಗಡಿಗೆ ಹೋದ್ರು. ಒಬ್ಬನ ಸಾಮಾನು 50 ರೂಪಾಯಿ 40 ಪೈಸೆ. ಇನ್ನೊಬ್ಬಂದು 60 ರೂಪಾಯಿ 40 ಪೈಸೆ. ಮೂರನೆಯವಂದು 69 ರೂಪಾಯಿ 20 ಪೈಸೆ. ಚಿಲ್ಲರೆ ಇಲ್ಲ, ಪೈಸೆ ಬಿಡಿ ಅಂದ ಅಂಗಡಿಯವನು. ಎಷ್ಟು ಬಂತು ಅವನಿಗೆ?’ ಮಕ್ಕಳು 179 ಎಂದರು. ‘ಸಾಮಾನು ಎಷ್ಟರದ್ದು?’ 180. ಆ ಹುಡುಗಿಯೇ ಎದ್ದು, ‘ಸಾರ್, ಕಂಪ್ಯೂಟರೂ ಪೈಸೆ ಬಿಟ್ಟೈತೆ’ ಎಂದಳು.

ಅವರು ಅಲ್ಲಿಗೆ ಬಿಡಲಿಲ್ಲ. ‘ಹಂಗಾದ್ರೆ ಅಳತೆ ನಂಬಿ 180 ಅಂತ ಹೇಳೋದು ಹೆಂಗೆ? ನಾಳೆ ಇನ್ನೊಂದು ತ್ರಿಭುಜ ನಿಜವಾಗ್ಲೂ 179 ಇದ್ರೆ?’ ಯಾರೂ ಮಾತಾಡಲಿಲ್ಲ. ಬೋರ್ಡಿನ ಮೇಲೆ ತ್ರಿಭುಜ ಬರೆದರು, ಈ ಸಲ ಪಾದ ಓರೆ. ಎದುರಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದರು. ಪರ್ಯಾಯ ಕೋನಗಳು ಸಮ, ಹಾಗಾಗಿ ಕೆಳಗಿನ ಎರಡು ಕೋನ ಮೇಲೆ ಬಂದು ಮೂರನೆಯದರ ಅಕ್ಕಪಕ್ಕ ಕೂತವು, ಮೂರೂ ಸೇರಿ ಒಂದು ಸರಳಕೋನ, ಅಂದರೆ 180. ಅಳತೆಪಟ್ಟಿ ಬೇಕಿಲ್ಲ, ಪೈಸೆಯ ಲೆಕ್ಕವಿಲ್ಲ, ಯಾವುದೇ ತ್ರಿಭುಜಕ್ಕೂ ಸಲ್ಲುತ್ತದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಪಾಠ ನಿಲ್ಲಲಿಲ್ಲ.

ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ ಅವರು ಹೇಳಿದ್ದು: ‘ಈ ಪ್ರಮೇಯದ ಸಾಧನೆ ಇಪ್ಪತ್ನಾಲ್ಕು ವರ್ಷದಿಂದ ಮಾಡ್ತಿದೀನಿ ಮೇಡಂ. ಸಾಧನೆ ಯಾಕೆ ಬೇಕು ಅಂತ ಮಕ್ಕಳಿಗೆ ಇವತ್ತು ಅನ್ನಿಸ್ತು.’ ದಶಮಾಂಶದ ವಿಷಯ ನಾನು ಒಪ್ಪಿಕೊಂಡಾಗ, ಅದನ್ನು ಹಾಗೇ ಇಡಲು ಹೇಳಿದರು. ಮುಂದಿನ ಶನಿವಾರ ಉಳಿದ ಆರು ಜನಕ್ಕೂ ಬೇಕೆಂದೇ ಪೂರ್ಣಾಂಕದಲ್ಲಿ ಇಟ್ಟು ಕೊಟ್ಟೆವು.

ಬೀಗದ ಕೈ

ಶಿಕ್ಷಕರು ಕಲಿತರೆ ಮುಗಿಯಿತು ಎಂದುಕೊಂಡಿದ್ದೆ. ಎರಡೇ ವಾರಕ್ಕೆ ಕೋಣೆ ಮತ್ತೆ ಮುಚ್ಚಿತು. ಹೆಡ್‌ಮಾಸ್ಟರ ಮೇಲೆ ಸಿಟ್ಟು ಬಂತು. ಹೋಗಿ ಕೂತು ಮಾತಾಡಿದಾಗ ಅವರು ದಾಸ್ತಾನು ವಹಿ ತೆಗೆದು ಮುಂದಿಟ್ಟರು. ಹತ್ತು ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ನಾಲ್ಕು ಬ್ಯಾಟರಿ, ಕೆಳಗೆ ಅವರ ಸಹಿ. ನಿವೃತ್ತಿಗೆ ಮೂರು ವರ್ಷ. ಪಕ್ಕದ ಶಾಲೆಯಲ್ಲಿ ಬ್ಯಾಟರಿ ಕಳವಾಗಿ ಅಲ್ಲಿಯವರು ಠಾಣೆ, ಕಚೇರಿ ಅಲೆದದ್ದನ್ನು ಕಣ್ಣಾರೆ ಕಂಡಿದ್ದರು. ಬೀಗ ಹಾಕುವುದು ಅವರಿಗೆ ಜವಾಬ್ದಾರಿಯಾಗಿತ್ತು. ನಾವು ಯಾರೂ ಯಾವ ತರಬೇತಿಗೂ ಅವರನ್ನು ಕರೆದಿರಲಿಲ್ಲ.

ಪಾಠಕ್ಕೆ ಬಳಸುವಾಗ ಕೆಟ್ಟದ್ದನ್ನು ದುರಸ್ತಿ ಎಂದೇ ತೋರಿಸಬಹುದು, ಮುಖ್ಯ ಶಿಕ್ಷಕರಿಂದ ವಸೂಲಿ ಇಲ್ಲ ಎಂದು ಒಂದು ಪತ್ರ ಕೊಡಿ ಎಂದು ಮೇಲಿನ ಕಚೇರಿಗೆ ಬರೆದೆವು. ನಾಲ್ಕು ತಿಂಗಳು ಹಿಡಿಯಿತು, ಆದರೆ ಪತ್ರ ಬಂತು. ಅದನ್ನು ಅವರು ವಹಿಯ ಒಳಪುಟಕ್ಕೆ ಅಂಟಿಸಿದರು. ಬೀಗದ ಕೈ ಸ್ಟಾಫ್ ರೂಮಿನ ಮೊಳೆಗೆ ಬಂತು. ನಮ್ಮ ಇಡೀ ಪ್ರಯತ್ನದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಯಾವುದು ಎಂದು ಕೇಳಿದರೆ, ಆ ಪತ್ರವನ್ನು ನಾನು ಜಿಯೋಜಿಬ್ರಾಗಿಂತ ಮೇಲಿಡುತ್ತೇನೆ.

ಕೈಗೂಡಿದ್ದು, ಕೈಗೂಡದ್ದು

ಏಳರಲ್ಲಿ ಇಬ್ಬರಿಗೆ ವರ್ಗವಾಯಿತು. ಒಬ್ಬರು ಎಲ್ಲ ಶನಿವಾರ ಬಂದರು, ತರಗತಿಗೆ ಒಯ್ಯಲೇ ಇಲ್ಲ. ಅವರ ಶಾಲೆಯಲ್ಲಿ ಸ್ಯಾಟ್ಸ್ (ಇಲಾಖೆಯ ವಿದ್ಯಾರ್ಥಿ ವಿವರದ ಜಾಲತಾಣ) ಮಾಹಿತಿ ತುಂಬುವುದು, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ ಎಲ್ಲ ಅವರ ತಲೆಗೇ ಬಂದಿತ್ತು. ಕಂಪ್ಯೂಟರ್ ಬರುತ್ತದೆ ಎಂದು ತಿಳಿದ ಶಿಕ್ಷಕರಿಗೆ ನಮ್ಮ ಶಾಲೆಗಳಲ್ಲಿ ಸಿಗುವ ಮೊದಲ ಫಲ ಇದು. ಇಬ್ಬರು ವಿಡಿಯೊ ಹಚ್ಚಿ ತೋರಿಸುವಲ್ಲಿಗೆ ನಿಂತರು. ನಲವತ್ತು ನಿಮಿಷ ಬೇರೆಯವರ ಪಾಠ ತೆರೆಯ ಮೇಲೆ ಓಡಿಸುವುದನ್ನು ನಾನು ಬಳಕೆ ಎಂದು ಎಣಿಸಲಾರೆ. ನಾಲ್ಕು ನಿಮಿಷ ತೋರಿಸಿ, ನಿಲ್ಲಿಸಿ, ‘ಮುಂದೇನಾಗಬಹುದು?’ ಎಂದು ಕೇಳಿದರೆ ಅದು ಪಾಠ. ಉಳಿದ ಇಬ್ಬರೆಂದರೆ ನಮ್ಮ ಮೇಷ್ಟ್ರು ಮತ್ತು ಒಬ್ಬ ಶಿಕ್ಷಕಿ. ಹಿಂದೆ ‘ಸೇವ್ ಆ್ಯಸ್’ ಎಂದು ಬರೆದುಕೊಂಡವರಲ್ಲಿ ಆ ಶಿಕ್ಷಕಿಯೂ ಒಬ್ಬರು. ಈಗ ಅವರದೇ ತಾಲ್ಲೂಕಿನಲ್ಲಿ ಶನಿವಾರದ ಇನ್ನೊಂದು ಗುಂಪು ನಡೆಸುತ್ತಾರೆ.

2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು, ‘ವಿದ್ಯಾಗಮ’ದಲ್ಲಿ ನಾವು ಗುಡಿ ಕಟ್ಟೆ, ಮರದ ನೆರಳಿಗೆ ಹೋದೆವು. ಶಿಕ್ಷಕರ ತರಬೇತಿ ಫೋನಿಗೆ ಬಂತು. ಎಲ್ಲಿದ್ದವರೂ ಕಲಿಯುವಂತಾದದ್ದು ದೊಡ್ಡ ಅನುಕೂಲ. ಆದರೆ ಫೋನಿನಲ್ಲಿ ಕಲಿತದ್ದನ್ನು ತರಗತಿಗೆ ಒಯ್ದ ದಿನ ಹಿಂದಿನ ಬೆಂಚಿನಲ್ಲಿ ಕೂರಲು ಯಾರೂ ಬರುವುದಿಲ್ಲ. ‘ನೋ ಸಿಗ್ನಲ್’ ಬಂದ ಹೊತ್ತಿನಲ್ಲಿ ಒಬ್ಬರು ಪರಿಚಯದವರು ಕೋಣೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸವೆಂದು ನಾನು ನೋಡಿದ್ದೇನೆ. ಐದು ದಿನದ ತರಬೇತಿಗೆ ದುಡ್ಡು ಇಡುವವರು ಎರಡು ದಿನ ಕಡಿತ ಮಾಡಿ, ಆ ದುಡ್ಡಿನಲ್ಲಿ ಪ್ರತಿ ಶಿಕ್ಷಕರ ತರಗತಿಗೆ ಎರಡು ಭೇಟಿ ಏರ್ಪಡಿಸಲಿ ಎಂದು ಡಯಟ್ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ) ಸಭೆಯಲ್ಲಿ ಕೇಳಿದ್ದೇನೆ, ಕೇಳುತ್ತಲೇ ಇದ್ದೇನೆ.

ಮೇಷ್ಟ್ರು ನಿವೃತ್ತರಾದರು. ಈ ವರ್ಷ ಅದೇ ಶಾಲೆಯ ಕನ್ನಡ ಮೇಡಂ ನಮ್ಮ ಶನಿವಾರಕ್ಕೆ ಬಂದರು. ‘ನಿಮಗೆ ಎಳೆಯೋಕೆ ತ್ರಿಭುಜ ಇದೆ, ನಾನು ಏನನ್ನ ಎಳೀಲಿ?’ ಎಂದು ಕೇಳಿದರು. ನಮ್ಮ ಬಳಿ ಸಿದ್ಧ ಉತ್ತರ ಇರಲಿಲ್ಲ, ಹಾಗಾಗಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಕೇಳಿದೆವು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಲಘು ಗುರು ಬಾಯಿಪಾಠದ ನಿಯಮವಾಗಿ ಉಳಿಯುತ್ತದೆ, ಮೂರು ನಾಲ್ಕು ಮೂರು ನಾಲ್ಕು ಎಂಬ ನಡಿಗೆ ಕಿವಿಗೆ ಬೀಳುವುದೇ ಇಲ್ಲ ಎಂದರು. ಕುಮಾರವ್ಯಾಸನ ಒಂದು ಪದ್ಯವನ್ನು ಮಕ್ಕಳಿಂದಲೇ ಓದಿಸಿ ಫೋನಿನಲ್ಲಿ ಮುದ್ರಿಸಿ, ನಿಧಾನ ಮಾಡಿ ಕೇಳಿಸಿ, ಗಣ ಮುಗಿದಲ್ಲಿ ಚಪ್ಪಾಳೆ ತಟ್ಟಿಸಿದರೆ? ಆದಿಪ್ರಾಸ ಬಿದ್ದ ಕಡೆ ಧ್ವನಿಯ ಅಲೆ ತೆರೆಯ ಮೇಲೆ ಹೇಗೆ ಕಾಣುತ್ತದೆ? ಗೊತ್ತಿಲ್ಲ. ಬುಧವಾರ ಮೂರನೇ ಪೀರಿಯಡ್ ಮಾಡಿ ನೋಡುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂರಲು ನಾನು ರಜೆ ಹಾಕಿದ್ದೇನೆ.